ಅನುದಾನವೂ ಅಚೌರ್ಯವ್ರತವೂ

ಸರ್ಕಾರದಿಂದ ಸ್ಥಳೀಯ ಸಂಸ್ಥೆಗಳಿಗೆ ಬರುವ ನೆರವಿನ ಹಣಕ್ಕೆ ಕನ್ನಡದಲ್ಲಿ ‘ಅನುದಾನ’ ಎಂಬ ಹೆಸರು ರೂಢಿಯಾಗಿದೆ. ಪದದೊಳಗೆ ‘ದಾನ’ವಿರುವುದರಿಂದ ಒಂದು ತಪ್ಪು ತಿಳಿವಳಿಕೆಗೂ ಎಡೆಯಾಗಿದೆ. ಕೊಡಿಸಿದವನು ದಾನಿ, ಪಡೆದ ಊರು ಭಾಗ್ಯಶಾಲಿ, ಬಂದ ಹಣವಂತೂ ಯಾರದೂ ಅಲ್ಲದ ಹಣ ಎಂಬ ಭಾವನೆ ಎಲ್ಲೆಡೆ ಬೇರೂರಿದೆ. ಶ್ರಾವಕಾಚಾರದ ದೃಷ್ಟಿಯಿಂದ ಈ ಭಾವನೆಯನ್ನು ಪರೀಕ್ಷಿಸುವುದು ಅಗತ್ಯವಾಗಿದೆ. ಏಕೆಂದರೆ ಕೆರೆಯ ಹೂಳೆತ್ತುವುದು, ಮಳೆನೀರು ಇಂಗಿಸುವುದು, ಕಸ ವಿಂಗಡಿಸುವುದು, ಸಸಿ ನೆಡುವುದು ಮುಂತಾಗಿ ಜೀವದಯೆಗೆ ನೇರವಾಗಿ ಸಂಬಂಧಿಸಿದ ಊರಿನ ಕಾರ್ಯಗಳು ಇಂದು ಬಹುಮಟ್ಟಿಗೆ ಈ ಹಣದಿಂದಲೇ ನಡೆಯುತ್ತವೆ.

ತನ್ನದಾದ ವಸ್ತುವನ್ನು ತನ್ನ ಮತ್ತು ಪರರ ಹಿತಕ್ಕಾಗಿ ತ್ಯಜಿಸುವುದು ದಾನ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಆಕೆ ಕೊಟ್ಟದ್ದು ತನ್ನದನ್ನು. ಅನುದಾನದಲ್ಲಿ ಮಂಜೂರು ಮಾಡುವ ಅಧಿಕಾರಿ ತನ್ನದೇನನ್ನೂ ಕೊಡುವುದಿಲ್ಲ, ಪಡೆಯುವ ಪುರಸಭೆಯೂ ಅದರ ಒಡೆಯನಾಗುವುದಿಲ್ಲ. ತ್ಯಾಗವಿಲ್ಲದ ಕಡೆ ದಾನವಿಲ್ಲ. ಹಾಗಾದರೆ ಅನುದಾನಕ್ಕೆ ಅನ್ವಯಿಸುವ ಧರ್ಮ ಯಾವುದು?

ಈ ಪ್ರಶ್ನೆಯನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿಗಳ ಸೀಮೆಯಲ್ಲಿ ನಿಂತು ಕೇಳುವುದು ಉಚಿತವಾಗಿದೆ. 1997ರಲ್ಲಿ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಸೇರಿತು, ಮುಂದೆ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ಈ ಐದೂ ತಾಲ್ಲೂಕುಗಳು ಹೊಸಪೇಟೆಯೊಡನೆ ಕೂಡಿ ವಿಜಯನಗರ ಜಿಲ್ಲೆಯಾದವು. ಜಿಲ್ಲೆಯ ಹೆಸರು ಬದಲಾದರೂ ನೆಲದ ಸ್ವಭಾವ ಬದಲಾಗಲಿಲ್ಲ. ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿದರೂ ಒಳನಾಡು ಮಳೆ ಕಡಿಮೆಯ ಬಯಲುಸೀಮೆ. ಇಲ್ಲಿ ಕೆರೆ ತುಂಬಿದರೆ ಬಾವಿಯಲ್ಲಿ ನೀರು, ಬಾವಿಯಲ್ಲಿ ನೀರಿದ್ದರೆ ಊರು. ಆದುದರಿಂದ ಕೆರೆಗೆಂದು ಬಂದ ಒಂದು ರೂಪಾಯಿ ದಾರಿ ತಪ್ಪಿದರೆ ಇಲ್ಲಿ ಆಗುವ ಹಾನಿ ಮಲೆನಾಡಿನಲ್ಲಿ ಆಗುವುದಕ್ಕಿಂತ ಹೆಚ್ಚಿನದು.

ಹಣ ಬರುವ ಬಗೆಯನ್ನು ಸ್ವಲ್ಪ ತಿಳಿಯಬೇಕು. 1992ರ ಸಂವಿಧಾನದ 74ನೆಯ ತಿದ್ದುಪಡಿಯು ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕಾರ್ಯಗಳನ್ನು 12ನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ನೀರು ಪೂರೈಕೆ, ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆಗಳ ಜೊತೆಗೆ ಪರಿಸರ ಸಂರಕ್ಷಣೆಯೂ ಆ ಪಟ್ಟಿಯಲ್ಲಿದೆ. ಹದಿನೈದನೆಯ ಹಣಕಾಸು ಆಯೋಗವು 2021-26ರ ಅವಧಿಗೆ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇಕಡಾ 60 ಭಾಗವನ್ನು ನಿರ್ಬಂಧಿತವೆಂದು ಬೇರ್ಪಡಿಸಿತು. ಅದರಲ್ಲಿ ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಉಳಿದರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಅನುದಾನ ದೊರೆಯಬೇಕಾದರೆ ಲೆಕ್ಕಪತ್ರಗಳು ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ಕಾಣುವಂತಿರಬೇಕು, ಆಸ್ತಿ ತೆರಿಗೆಯ ಕನಿಷ್ಠ ದರ ನಿಗದಿಯಾಗಿರಬೇಕು, ವಸೂಲಿಯೂ ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಬೇಕು ಎಂಬ ಷರತ್ತುಗಳನ್ನೂ ಆಯೋಗ ವಿಧಿಸಿತು.

ಇಲ್ಲಿ ‘ಷರತ್ತು’ ಎಂಬುದೇ ಮುಖ್ಯವಾದ ಮಾತು. ಜೈನಧರ್ಮವು ಕಳವನ್ನು ‘ಅದತ್ತಾದಾನ’, ಅಂದರೆ ಕೊಡದಿದ್ದುದನ್ನು ತೆಗೆದುಕೊಳ್ಳುವುದು ಎಂದು ಕರೆಯುತ್ತದೆ. ಕನ್ನ ಕೊರೆಯಬೇಕಾಗಿಲ್ಲ, ಬೀಗ ಮುರಿಯಬೇಕಾಗಿಲ್ಲ; ಕೊಟ್ಟಿಲ್ಲದ್ದು ಕೈಗೆ ಬಂದರೆ ಸಾಕು. ಒಂದು ಉದ್ದೇಶಕ್ಕಾಗಿ ಕೊಟ್ಟ ಹಣ ಆ ಉದ್ದೇಶದ ಮಟ್ಟಿಗೆ ಮಾತ್ರ ‘ದತ್ತ’. ಅದರಾಚೆಗೆ ಅದು ‘ಅದತ್ತ’ವೇ. ಮಳೆನೀರಿಗೆಂದು ಬಂದದ್ದು ಮಹಾದ್ವಾರದ ಬಣ್ಣಕ್ಕೆ ಹೋದರೆ, ಬಣ್ಣ ಬಳಿದ ದ್ವಾರ ದೇವಾಲಯದ್ದೇ ಆದರೂ, ಅದು ಅದತ್ತಾದಾನ. ಆದುದರಿಂದ ಅನುದಾನಕ್ಕೆ ಅನ್ವಯಿಸುವುದು ದಾನಧರ್ಮವಲ್ಲ, ಅಚೌರ್ಯವ್ರತ.

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ವರ್ತಕರ ಮನೆಯ ಮಕ್ಕಳಿಗೆ ಅಂಗಡಿಯ ಉದಾಹರಣೆಗಳಿಂದಲೇ ವಿವರಿಸುವುದು ವಾಡಿಕೆ. ಅವು ಕಾಮಗಾರಿಗೂ ಅಷ್ಟೇ ಸರಿಯಾಗಿ ಒಪ್ಪುತ್ತವೆ. ತೆಗೆದ ಹೂಳಿಗಿಂತ ಹೆಚ್ಚಿನ ಹೂಳನ್ನು ಅಳತೆ ಪುಸ್ತಕದಲ್ಲಿ ನಮೂದಿಸುವುದು ಹೀನಾಧಿಕಮಾನೋನ್ಮಾನ. ತಕ್ಕಡಿಯ ಬದಲು ಟೇಪು ಬಂದಿದೆ, ಅಷ್ಟೇ. ಒಳ್ಳೆಯ ಸಿಮೆಂಟಿನ ಬೆಲೆ ಪಡೆದು ಕಳಪೆಯದನ್ನು ಹಾಕುವುದು ಪ್ರತಿರೂಪಕ ವ್ಯವಹಾರ. ಟೆಂಡರಿನ ನಿಯಮವನ್ನು ತಪ್ಪಿಸಲು ಒಂದು ಕೆಲಸವನ್ನು ನಾಲ್ಕು ತುಂಡು ಮಾಡುವುದು ವಿರುದ್ಧರಾಜ್ಯಾತಿಕ್ರಮ. ಹೀಗೆ ಉಳಿಸಿದ ಜಲ್ಲಿ, ಕಬ್ಬಿಣಗಳನ್ನು ತಿಳಿದೂ ಅಗ್ಗದ ಬೆಲೆಗೆ ಕೊಳ್ಳುವುದು ತದಾಹೃತಾದಾನ. ‘ಹೀಗೆ ಮಾಡಿ, ಯಾರೂ ಕೇಳುವುದಿಲ್ಲ’ ಎಂದು ದಾರಿ ತೋರುವುದು ಸ್ತೇನಪ್ರಯೋಗ. ಕೊನೆಯಲ್ಲಿ ಆಗದ ಕೆಲಸ ಆಗಿದೆ ಎಂದು ಬಳಕೆ ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ಅಚೌರ್ಯದ ಜೊತೆಗೆ ಸತ್ಯವ್ರತಕ್ಕೂ ಭಂಗ. ಅದಕ್ಕೆ ಕೂಟಲೇಖಕ್ರಿಯೆ ಎಂದು ಹೆಸರು.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಒಂದು ಊರಿನ ದೇವಾಲಯದ ಬದಿಯಲ್ಲಿ ಹಳೆಯ ಪುಷ್ಕರಣಿಯಿದೆ. ಅದರ ಜೀರ್ಣೋದ್ಧಾರಕ್ಕೆ ಹತ್ತು ಲಕ್ಷ ರೂಪಾಯಿ ಮಂಜೂರಾಗಿದೆ. ಗುತ್ತಿಗೆದಾರನು ವಿಶ್ವಸ್ತ ಮಂಡಳಿಯ ಹಿರಿಯರ ಬಳಿಗೆ ಬಂದು, ಏಳು ಲಕ್ಷದಲ್ಲಿ ಕೆಲಸ ಮುಗಿಯುತ್ತದೆ, ಉಳಿದುದರಲ್ಲಿ ಯಾತ್ರಿಕರಿಗೊಂದು ಕೊಠಡಿ ಕಟ್ಟಿಕೊಡುವೆ, ಕೆಲಸ ತೃಪ್ತಿಕರವೆಂದು ಒಂದು ಪತ್ರ ಕೊಡಿ ಎನ್ನುತ್ತಾನೆ. ಇಲ್ಲಿ ಯಾರ ಜೇಬಿಗೂ ಹಣ ಹೋಗಿಲ್ಲ. ಕೊಠಡಿ ಧರ್ಮಕಾರ್ಯವೇ. ಊರಿನವರಾರೂ ಆಕ್ಷೇಪಿಸುವುದಿಲ್ಲ, ಬಹುಶಃ ಹೊಗಳುತ್ತಾರೆ. ಕಠಿಣವಾದ ಪರೀಕ್ಷೆ ಇರುವುದು ಇಲ್ಲಿಯೇ. ಲೋಭಕ್ಕಾಗಿ ಮಾಡುವ ಕಳವನ್ನು ಗುರುತಿಸುವುದು ಸುಲಭ. ಪುಣ್ಯಕ್ಕಾಗಿ ಮಾಡುವ ಕಳವನ್ನು ಗುರುತಿಸಲು ವಿವೇಕ ಬೇಕು. ಆ ಮೂರು ಲಕ್ಷ ನೀರಿಗೆ ಸಲ್ಲಬೇಕಾದದ್ದು. ಅದರಿಂದ ಕಟ್ಟಿದ ಕೊಠಡಿಯಲ್ಲಿ ತಂಗುವ ಯಾತ್ರಿಕನು ತನಗೆ ತಿಳಿಯದೆಯೇ ಕೊಡದಿದ್ದುದನ್ನು ಅನುಭವಿಸುತ್ತಾನೆ. ಮಂಡಳಿಗೆ ಕೊಠಡಿ ಬೇಕಾಗಿದ್ದರೆ ಅದಕ್ಕೆ ದಾನವೆಂಬ ನೇರವಾದ ದಾರಿ ಇದ್ದೇ ಇದೆ.

ಸತ್ಯವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ ಎಂಬುದೊಂದಿದೆ. ನ್ಯಾಸವೆಂದರೆ ನಂಬಿ ಇಟ್ಟ ಇಡುಗಂಟು. ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿ ಅಷ್ಟನ್ನೇ ಹಿಂದಿರುಗಿಸುವುದನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವೆಂದು ವಿವರಿಸುತ್ತಾರೆ. ಎಷ್ಟು ಸೂಕ್ಷ್ಮವಾದ ವಿವೇಚನೆ! ಇಲ್ಲಿ ಕಿತ್ತುಕೊಂಡವರಿಲ್ಲ, ಕೇಳಿದ್ದನ್ನು ಕೊಡಲಾಗಿದೆ, ಕೇಳಿದವನು ತೃಪ್ತನಾಗಿಯೂ ಹೋಗಿದ್ದಾನೆ. ಆದರೂ ದೋಷವಿದೆ. ಏಕೆಂದರೆ ಒಬ್ಬನ ಮರೆವು ಇನ್ನೊಬ್ಬನ ಲಾಭವಾಯಿತು. ಪಟ್ಟಣಗಳ ಅನುದಾನದ ಕಥೆಯೂ ಇದೇ. ಜನರು ತಾವು ಇಟ್ಟದ್ದೆಷ್ಟೆಂಬುದನ್ನು ಮರೆತಿದ್ದಾರೆ. ಮರೆತವರಿಗೆ ಒಂದು ಬೀದಿದೀಪ, ಒಂದು ಉದ್ಯಾನದ ಫಲಕ ದೊರೆತರೆ ಅದೇ ಉಪಕಾರವಾಗಿ ಕಾಣುತ್ತದೆ.

ಪೂಜ್ಯಪಾದರು ಗಂಗ ದೊರೆ ದುರ್ವಿನೀತನ ಗುರುಗಳೆಂದು ಪರಂಪರೆ ಹೇಳುತ್ತದೆ. ಆ ದುರ್ವಿನೀತನ ಹೆಸರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಬಸದಿಯೊಡನೆ ಕೂಡಿಕೊಂಡಿದೆ. ಬಸದಿಯನ್ನು ಕಟ್ಟಿಸಿದವನು ಅವನೆಂದು ಅಲ್ಲಿಯ ಹನ್ನೊಂದನೆಯ ಶತಮಾನದ ಶಾಸನ ಸ್ಮರಿಸುತ್ತದೆ. ಕಟ್ಟಿಸಿದವನು ಹೋಗಿ ಸುಮಾರು ಐದು ಶತಮಾನಗಳಾದ ಮೇಲೂ ಯಾರು ಕೊಟ್ಟರೆಂಬುದನ್ನು ಕಲ್ಲಿನಲ್ಲಿ ಬರೆದು ನೆನಪಿಡುವ ಎಚ್ಚರ ಆ ಜನಕ್ಕಿತ್ತು. ಇಡುಗಂಟಿನ ಲೆಕ್ಕವನ್ನು ಮರೆಯದಿರುವುದೂ ಧರ್ಮದ ಅಂಗವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಈ ಸೀಮೆಗೆ ಬೇಕಾಗಿಲ್ಲ.

ಇಡುಗಂಟಿನ ಒಡೆಯರು ಯಾರು ಎಂಬುದನ್ನೂ ವಿಚಾರಿಸಬೇಕು. ತೆರಿಗೆ ಕೊಟ್ಟವರು ಮೊದಲಿಗರು. ಮುಂದೆ ಹುಟ್ಟುವವರು ಎರಡನೆಯವರು. ಬಾಯಿಲ್ಲದ ಜೀವಗಳು ಮೂರನೆಯವರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವು ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಜನರು ಕಟ್ಟಿದ ಕೆರೆ, 98.76 ಹೆಕ್ಟೇರಿನದು. ಅಲ್ಲಿ 30,000ಕ್ಕೂ ಹೆಚ್ಚು ಜಲಪಕ್ಷಿಗಳು ನೆಲೆಸಿ ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆ ಮತ್ತು ಬಿಳಿ ಕೆಂಬರಲುಗಳಿಗೆ ಅದು ಮುಖ್ಯ ನೆಲೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಜೌಗುಭೂಮಿಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ 2024ರಲ್ಲಿ ಸೇರಿತು. ಮನುಷ್ಯರು ತಮ್ಮ ಗದ್ದೆಗೆಂದು ಕಟ್ಟಿದ ಏರಿ ಸಾವಿರಾರು ಜೀವಗಳಿಗೆ ಅಭಯದಾನವಾಯಿತು. ಊರಿನ ಕೆರೆಗೆ ಬಂದ ಹಣ ಸೋರಿದರೆ ನಷ್ಟ ಹೊಂದುವವರಲ್ಲಿ ಅರ್ಜಿ ಬರೆಯಲಾರದ ಇಂಥವರೂ ಇದ್ದಾರೆ.

ಇಲ್ಲಿ ಧರ್ಮಭೀರುಗಳಾದ ಕೆಲವರಲ್ಲಿ ಒಂದು ಶಂಕೆ ಏಳಬಹುದು. ಹೂಳೆತ್ತುವುದರಲ್ಲಿ ಪೃಥ್ವೀಕಾಯಿಕ, ಜಲಕಾಯಿಕ ಜೀವಗಳಿಗೆ ಬಾಧೆಯುಂಟು. ಇಂಥ ಆರಂಭಹಿಂಸೆಯಿಂದ ದೂರವಿರುವುದೇ ಲೇಸಲ್ಲವೆ? ಮುನಿಗಳಿಗೆ ಈ ಮಾತು ಸರಿ. ಗೃಹಸ್ಥನು ನೀರು ಕುಡಿಯುತ್ತಾನೆ, ಮನೆ ಕಟ್ಟುತ್ತಾನೆ, ವ್ಯಾಪಾರ ಮಾಡುತ್ತಾನೆ. ಕೆರೆಯ ವಿಷಯದಲ್ಲಿ ಮಾತ್ರ ಮುನಿಯಾಗುವುದು ವ್ರತವಲ್ಲ, ನುಣುಚಿಕೊಳ್ಳುವಿಕೆ. ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ವೃತ್ತಿಗಳಲ್ಲಿ ಕೆರೆ ಬತ್ತಿಸುವ ‘ಸರಃಶೋಷ’ವನ್ನು ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಎಣಿಸಿದ್ದಾರೆ. ಕೆರೆಯ ಅಂಗಳವನ್ನು ಒತ್ತಿ ನಿವೇಶನ ಮಾಡುವುದು, ರಾಜಕಾಲುವೆಗೆ ಕಸ ತುಂಬುವುದು, ಇವೆಲ್ಲ ನಿಧಾನವಾದ ಸರಃಶೋಷಗಳೇ. ಅದನ್ನು ತಡೆಯುವ ಕೆಲಸ ಯತ್ನಾಚಾರದಿಂದ ನಡೆಯಲಿ: ನೀರಿಳಿದಾಗ ಹೂಳೆತ್ತಲಿ, ಹಕ್ಕಿಗಳು ಮರಿ ಮಾಡುವ ಕಾಲವನ್ನು ಬಿಡಲಿ, ಕೊನೆಯ ಮಡುವನ್ನು ಮೀನುಗಳಿಗೆ ಉಳಿಸಲಿ.

ಪ್ರಾಚೀನ ಕರ್ನಾಟಕದ ಕೆರೆಗಳ ವ್ಯವಸ್ಥೆಯಿಂದ ಕಲಿಯಬೇಕಾದುದು ಇನ್ನೊಂದಿದೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಹೆಸರುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವರಿಗೂ ಕಾಯುವವರಿಗೂ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಟ್ಟ ದತ್ತಿಗಳು ಅವು. ಕಟ್ಟುವುದು ಒಂದು ದಿನದ ಕೆಲಸ, ಕಾಯುವುದು ತಲೆಮಾರುಗಳ ಕೆಲಸ ಎಂಬ ಅರಿವು ಅವುಗಳ ಹಿಂದಿದೆ. ತಾನು ಕೊಡುವುದಕ್ಕಿಂತ ಇತರರು ಕೊಟ್ಟುದನ್ನು ರಕ್ಷಿಸುವುದು ಹಿರಿದೆಂಬ ಭಾವವೂ ದಾನಶಾಸನಗಳ ಕೊನೆಯಲ್ಲಿ ಕಾಣುತ್ತದೆ. ಇಂದಿನ ಕಾಮಗಾರಿಗೆ ಉದ್ಘಾಟನೆಯ ಫಲಕವುಂಟು, ಮರುವರ್ಷ ತೂಬನ್ನು ನೋಡುವವರು ಯಾರೆಂಬುದಕ್ಕೆ ಫಲಕವಿಲ್ಲ. ಬಳಕೆದಾರರೇ ನಿಯಮ ಮಾಡಿಕೊಂಡು ಪರಸ್ಪರ ಕಣ್ಣಿಟ್ಟಿರುವ ಕಡೆಗಳಲ್ಲಿ ನೀರು, ಕಾಡು, ಹುಲ್ಲುಗಾವಲುಗಳಂಥ ಸಾಮೂಹಿಕ ಸಂಪತ್ತು ದೀರ್ಘಕಾಲ ಉಳಿದಿದೆ ಎಂಬುದನ್ನು ಹಲವು ದೇಶಗಳ ಉದಾಹರಣೆಗಳಿಂದ ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಶಾಸನಗಳನ್ನು ಬರೆಯಿಸಿದವರಿಗೆ ಈ ಸತ್ಯ ಹೊಸದಾಗಿರಲಿಲ್ಲ.

ದಾನಕ್ಕೆ ಸರಿಯಾದ ಸ್ಥಾನ ದೊರೆಯುವುದು ಇಲ್ಲಿ. ಅನುದಾನ ಕಟ್ಟಲಿ, ದಾನ ಕಾಯಲಿ. ವಿಶ್ವಸ್ತ ಮಂಡಳಿಗಳು ಪುರಸಭೆಯ ಹಣದಲ್ಲಿ ಪಾಲು ಬೇಡುವ ಬದಲು, ಮುಗಿದ ಕಾಮಗಾರಿಯ ನಿರ್ವಹಣೆಗೆ ಸ್ವಂತ ದತ್ತಿನಿಧಿಯೊಂದನ್ನು ಇಡಬಹುದು. ವರ್ಷಕ್ಕೊಮ್ಮೆ ಕಾಲುವೆಯ ಕಳೆ ತೆಗೆಯುವವನ ಕೂಲಿಯನ್ನು ಅದರ ಬಡ್ಡಿ ಭರಿಸೀತು. ದೇವಾಲಯದ ಪಕ್ಕದ ಕಾಮಗಾರಿಗೆ ಬಂದದ್ದೆಷ್ಟು, ಆದದ್ದೆಷ್ಟು ಎಂಬುದನ್ನು ಉತ್ಸವದ ಜಮಾಖರ್ಚಿನಂತೆಯೇ ಫಲಕದಲ್ಲಿ ಬರೆದು ತೂಗುಹಾಕಬಹುದು. ತೃಪ್ತಿಪತ್ರಕ್ಕೆ ಸಹಿ ಹಾಕುವ ಮುನ್ನ ಅಳತೆ ಪುಸ್ತಕವನ್ನು ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯಿದೆ ಸಾಮಾನ್ಯ ನಾಗರಿಕನಿಗೂ ಕೇಳುವ ಅಧಿಕಾರ ಕೊಟ್ಟಿದೆ. ಕೇಳುವುದು ಜಗಳವಲ್ಲ. ಇಡುಗಂಟಿನ ಒಡೆಯನು ತನ್ನ ಮರೆವನ್ನು ಕಳೆದುಕೊಂಡು, ಇಟ್ಟುಕೊಂಡವನನ್ನೂ ನ್ಯಾಸಾಪಹಾರದ ದೋಷದಿಂದ ಉಳಿಸುವ ಉಪಕಾರವದು.

ಶ್ರಾವಕರ ಮನೆ, ಮಳಿಗೆಗಳ ಪಾಲೂ ಇದರಲ್ಲಿದೆ. ಮಳಿಗೆಯ ವಿಸ್ತೀರ್ಣವನ್ನು ಕಡಿಮೆ ತೋರಿಸಿ ಆಸ್ತಿ ತೆರಿಗೆ ಉಳಿಸಿದವನು, ಆ ಹಣದಿಂದ ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟರೂ ಲೆಕ್ಕ ಸರಿಹೋಗುವುದಿಲ್ಲ. ಬಾಕಿಯನ್ನು ತೀರಿಸಿದ ಮೇಲೆ ಉಳಿದುದಷ್ಟೇ ದಾನಕ್ಕೆ ಅರ್ಹ. ಹಸಿಕಸ, ಒಣಕಸಗಳನ್ನು ಬೇರ್ಪಡಿಸದೆ ಬೀದಿಗೆಸೆದು, ತ್ಯಾಜ್ಯ ನಿರ್ವಹಣೆಯ ಹಣ ಎಲ್ಲಿ ಹೋಯಿತೆಂದು ಕೇಳುವುದೂ ಶೋಭಿಸದು. ರಾತ್ರಿ ಅಂಗಡಿಯ ಬಾಗಿಲು ಹಾಕುವ ಮುನ್ನ ವರ್ತಕನು ರೋಕಡವನ್ನು ತಾಳೆ ನೋಡುತ್ತಾನೆ. ಒಂದು ರೂಪಾಯಿ ಹೆಚ್ಚು ಬಂದರೂ ಯಾರದೆಂದು ಹುಡುಕುತ್ತಾನೆ. ಊರಿನ ಕೆರೆಯ ಲೆಕ್ಕಕ್ಕೂ ಅದೇ ಶ್ರದ್ಧೆಯನ್ನು ಸಲ್ಲಿಸಿದರೆ ಅಚೌರ್ಯವ್ರತವು ಪಟ್ಟಣದ ಆಡಳಿತದಲ್ಲಿಯೂ ಜೀವಂತವಾಗಿ ಉಳಿದೀತು.