ಬೇಲಿ ಕಂಬದ ಬುಡ



ನಮ್ಮ ರೊಳ್ಳ, ಮಡಕಶಿರಾ ಕಡೆ ಹಿತ್ತಿಲಿಗೆ ಮೇಕೆ ನುಗ್ಗದಂತೆ ಮರದ ಕಂಬ ನೆಟ್ಟು ತಂತಿ ಬೇಲಿ ಕಟ್ಟುತ್ತೇವೆ. ಕೆಲವು ಮಳೆಗಾಲ ಕಳೆದ ಮೇಲೆ ಒಂದು ದಿನ ಗಾಳಿಗೆ ಕಂಬ ವಾಲುತ್ತದೆ. ಮೇಲೆ ನೋಡಿದರೆ ಮರ ಗಟ್ಟಿಯಾಗಿಯೇ ಇದೆ. ಹಾಗಾದರೆ ಕೊಳೆತದ್ದು ಎಲ್ಲಿ?

ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಕಂಬದ ಮೇಲ್ಭಾಗ ಬಿಸಿಲಿಗೆ ಒಣಗುತ್ತದೆ. ಆಳದಲ್ಲಿ ಗಾಳಿ ಕಡಿಮೆ. ಎರಡೂ ಸೇರುವುದು ಮಣ್ಣಿನ ಮಟ್ಟದಲ್ಲಿ. ಕೊಳೆ ಹಿಡಿಯುವುದು ಅಲ್ಲೇ. ಮೇಲೆ ಬಣ್ಣ ಬಳಿದರೆ ಕಂಬ ನಿಲ್ಲುವುದಿಲ್ಲ.

ನಮ್ಮ ಮನೆಗಳೂ ಹೀಗೆಯೇ ಅಲ್ಲವೇ? ಭಾನುವಾರ ಬಲಿಪೂಜೆಗೆ ಬರುತ್ತೇವೆ, ಸಂಜೆ ಜಪಸರ ಮಾಡುತ್ತೇವೆ. ಆದರೆ ಜಮೀನಿನ ಪಾಲಿಗಾಗಿ ಅಣ್ಣತಮ್ಮಂದಿರ ಮಾತು ನಿಂತು ವರ್ಷಗಳಾಗಿರುತ್ತವೆ. ಮದುವೆಗೂ ಹೋಗುವುದಿಲ್ಲ, ಮಣ್ಣಿಗೂ ಹೋಗುವುದಿಲ್ಲ. ತೆಲುಗೇ ಹೆಚ್ಚಾಗಿ ಕೇಳಿಸುವ ಈ ಧರ್ಮಕ್ಷೇತ್ರದಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ಮನೆಗಳು ಕೆಲವೇ. ಒಂದು ಕಂಬ ವಾಲಿದರೆ ತಂತಿ ಪಕ್ಕದ ಕಂಬವನ್ನೂ ಎಳೆಯುತ್ತದೆ.

ವಾಲಿದ ಕಂಬವನ್ನು ಪೂರ್ತಿ ಎಸೆಯಬೇಕಿಲ್ಲ. ಬೇಲಿಗೆ ಆಸರೆ ಕೊಟ್ಟು, ಚಾಕುವಿನ ಮೊನೆಯಿಂದ ಚುಚ್ಚಿ ನೋಡಬೇಕು. ಮೊನೆ ಮೆತ್ತಗೆ ಇಳಿಯುವಷ್ಟೂ ಭಾಗವನ್ನು ಕೊಯ್ದು ತೆಗೆಯಬೇಕು. ಮರುಕಪಟ್ಟು ಸ್ವಲ್ಪ ಉಳಿಸಿದರೂ ಕೊಳೆ ಮೇಲೇರುತ್ತದೆ. ಆಮೇಲೆ ಅದೇ ಗುಂಡಿಯಲ್ಲಿ ಮೋಟು ಕಲ್ಲುಕಂಬ ನೆಟ್ಟು, ಉಳಿದ ಗಟ್ಟಿ ಮರವನ್ನು ನೆಲಕ್ಕೆ ತಾಗದಂತೆ ಎರಡು ಕಡೆ ದಪ್ಪ ತಂತಿಯಿಂದ ಅದಕ್ಕೆ ಬಿಗಿಯಬೇಕು. ಇನ್ನು ಮಣ್ಣಿನ ತೇವ ತಾಳುವುದು ಕಲ್ಲು, ಮರವಲ್ಲ.

ಪಾಪನಿವೇದನೆಯಲ್ಲಿ ನಡೆಯುವುದೂ ಇದೇ. ದೇವರು ನಮ್ಮನ್ನು ಎಸೆಯುವುದಿಲ್ಲ. ಕೊಳೆತದ್ದನ್ನು ತೆಗೆದು, ಉಳಿದ ನಮ್ಮನ್ನು ಮೂಲೆಗಲ್ಲಾದ ಯೇಸುಸ್ವಾಮಿಗೆ ಬಿಗಿಯುತ್ತಾರೆ. ಆದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಒಂದಾಗಬೇಕೆಂದು ಅವರೇ ಹೇಳಿದ್ದಾರೆ (ಮತ್ತಾಯ 5:23-24). ಆ ಹೆಜ್ಜೆ ನಾವೇ ಇಡಬೇಕು.

ನೆಹೆಮೀಯನ ಕಾಲದಲ್ಲಿ ಜೆರುಸಲೇಮಿನ ಗೋಡೆ 52 ದಿನಗಳಲ್ಲಿ ಎದ್ದು ನಿಂತಿತು. ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದ್ದರು. ನಾವೂ ಊರವರ ಬೇಲಿ ಬಿಟ್ಟು ನಮ್ಮ ಬೇಲಿ ನೋಡೋಣ. ಈ ವಾರ, ಮಾತು ಬಿಟ್ಟ ಒಂದು ಮನೆಗಾದರೂ ಹೋಗೋಣ. ನ್ಯಾಯ ಯಾರ ಕಡೆಗಿದೆ ಎಂಬುದು ಆಮೇಲಿರಲಿ. ಮೊದಲು "ಚೆನ್ನಾಗಿದ್ದೀಯೇನಪ್ಪಾ?" ಎಂದು ಕೇಳೋಣ.

ಪ್ರಭುವು ನಮಗೆ ಆ ಧೈರ್ಯ ಕೊಡಲಿ. ಆಮೆನ್.