ಪರ್ಜನ್ಯಜಪವೂ ಬಾವಿಯ ಹೂಳೂ



ಆಷಾಢ ಶುದ್ಧ ಏಕಾದಶಿಯಿಂದ ನಾಲ್ಕು ತಿಂಗಳು ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ಕ್ರಮವಾಗಿ ತ್ಯಜಿಸುವ ಚಾತುರ್ಮಾಸ್ಯವ್ರತವೂ, ಯತಿಗಳು ಒಂದೆಡೆ ನೆಲೆಸುವ ನಿಯಮವೂ ಮಳೆಗಾಲವನ್ನೇ ಆಶ್ರಯಿಸಿದವು. ಆದರೆ ನಮ್ಮ ಬಿ.ದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಮಳೆಯು ಪಂಚಾಂಗದ ಮಾತನ್ನು ಮೀರಿ ನಡೆಯುತ್ತಿದೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ಅನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಭೂಮಿಯ ತಾಪವು ಏರಿದಂತೆ ಅತಿವೃಷ್ಟಿ, ಅನಾವೃಷ್ಟಿಗಳೆರಡೂ ಹೆಚ್ಚುವುವೆಂದು ವಿಜ್ಞಾನಿಗಳು ಹೇಳುತ್ತಾರೆ.

ಇಂತಹ ಕಾಲದಲ್ಲಿ ಹಳ್ಳಿಯ ಮಕ್ಕಳು ಮಳೆರಾಯನನ್ನು ಹೊತ್ತು ಮನೆಮನೆಗೆ ತಿರುಗುತ್ತಾರೆ, ಕೆಲವೆಡೆ ಕಪ್ಪೆಗಳಿಗೆ ಮದುವೆ, ದೇವಾಲಯಗಳಲ್ಲಿ ಪರ್ಜನ್ಯಜಪ. 2019ರ ಜೂನ್ ತಿಂಗಳಿನಲ್ಲಿ ಸರ್ಕಾರವೇ ಮುಜರಾಯಿ ದೇವಾಲಯಗಳಲ್ಲಿ ಮಳೆಗಾಗಿ ಪೂಜೆ ನಡೆಸಲು ಸೂಚಿಸಿತ್ತು. ಇವನ್ನು ಮೌಢ್ಯವೆಂದು ನಗುವವರೊಡನೆ ನಾನು ಸೇರಲಾರೆ. ಊರೆಲ್ಲ ಒಂದೆಡೆ ಕೂಡುವುದು ಇಂತಹ ಶ್ರದ್ಧೆಯಿಂದಲೇ. ಆದರೆ ಎಲ್ಲವೂ ಹರಿಚಿತ್ತವೆಂದು ಕೈಕಟ್ಟಿ ಕುಳಿತುಕೊಳ್ಳುವುದು ನಮ್ಮ ಸಿದ್ಧಾಂತವಲ್ಲ. ಹರಿಯು ಸ್ವತಂತ್ರನು, ಜೀವನ ಕರ್ತೃತ್ವವು ಅವನ ಅಧೀನ. ಅಧೀನವೆಂದ ಮಾತ್ರಕ್ಕೆ ಅದು ಇಲ್ಲವೆಂದು ಆಚಾರ್ಯರು ಹೇಳಲಿಲ್ಲ. ಇಲ್ಲವೆಂದರೆ ಶಾಸ್ತ್ರದ ವಿಧಿನಿಷೇಧಗಳೇ ವ್ಯರ್ಥವಾಗುತ್ತಿದ್ದವು. ಜಗತ್ತು ಮಿಥ್ಯೆಯೆಂಬುದನ್ನು ಒಪ್ಪದ ನಮಗೆ ಬತ್ತಿದ ಕೆರೆಯೂ ಸತ್ಯ, ಅದರಿಂದಾಗುವ ದುಃಖವೂ ಸತ್ಯ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ಅನ್ನಕ್ಕೆ ಪರ್ಜನ್ಯವನ್ನೂ, ಪರ್ಜನ್ಯಕ್ಕೆ ಯಜ್ಞವನ್ನೂ, ಯಜ್ಞಕ್ಕೆ ಕರ್ಮವನ್ನೂ ಕಾರಣವಾಗಿ ಹೇಳಿದ್ದಾನೆ. ಆ ಕರ್ಮದಲ್ಲಿ ನಮ್ಮ ಪಾಲೆಷ್ಟು?

ನಮ್ಮ ಮನೆಗಳ ಮಡಿಯನ್ನೇ ನೋಡಿರಿ. ದೇವರ ಅಭಿಷೇಕಕ್ಕೆ ಬಾವಿಯ ನೀರೇ ಆಗಬೇಕೆಂಬ ನಂಬಿಕೆ ಇದ್ದಷ್ಟು ಕಾಲ ಬಾವಿಗಳು ಶುದ್ಧವಾಗಿದ್ದವು. ಹೂಳು ತುಂಬಿದರೆ ತೆಗೆಸುತ್ತಿದ್ದರು. ನಲ್ಲಿ ಬಂದ ಮೇಲೆ ಅನೇಕ ಬಾವಿಗಳು ಕಸದ ಗುಂಡಿಗಳಾದವು. ಅಡಿಕೆಯ ತೋಟಗಳಿಗಾಗಿ ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಉಳಿದವುಗಳಲ್ಲಿಯೂ ಹಲವು ಬತ್ತಿದವು. ಬರ ಬಂದಾಗ, ಟ್ಯಾಂಕರಿನ ನೀರು ಮಡಿಗೆ ಸಲ್ಲುವುದೇ ಎಂದು ಕೇಳುವವರಿದ್ದಾರೆ. ಆಪತ್ಕಾಲದಲ್ಲಿ ಸಲ್ಲುತ್ತದೆ. ಬಾವಿ ಬತ್ತಿದ್ದೇಕೆಂದು ಕೇಳುವವರು ಮಾತ್ರ ವಿರಳ.

ಸುಮಧ್ವವಿಜಯದ ಹತ್ತನೆಯ ಸರ್ಗದಲ್ಲಿ ಈಶ್ವರದೇವನೆಂಬ ಅರಸನ ಪ್ರಸಂಗವಿದೆ. ಅವನು ದಾರಿಹೋಕರನ್ನು ಹಿಡಿದು ಬಲಾತ್ಕಾರದಿಂದ ನೆಲ ಅಗೆಸುತ್ತಿದ್ದನು. ಆಚಾರ್ಯರು, ಅಗೆಯುವ ಬಗೆಯನ್ನು ನೀನೇ ತೋರಿಸಿಕೊಡು ಎಂದರು. ಅಗೆಯತೊಡಗಿದ ಅರಸನು ನಿಲ್ಲಿಸಲಾರದೆ ಹೋದನು! ಪ್ರವಚನದಲ್ಲಿ ಈ ಕಥೆ ಬಂದಾಗ ಸಭೆಯೆಲ್ಲ ನಗುತ್ತದೆ. ಆದರೆ ಕೆರೆಯ ಹೂಳನ್ನು ಸರ್ಕಾರ ತೆಗೆಸಲಿ, ಪಂಚಾಯಿತಿ ತೆಗೆಸಲಿ ಎನ್ನುವಾಗ ನಾವು ನಿಂತಿರುವುದು ಆ ಅರಸನು ಮೊದಲು ನಿಂತಿದ್ದ ಜಾಗದಲ್ಲಿಯೇ. ಶ್ರೀ ವ್ಯಾಸರಾಜರಾದರೋ ವ್ಯಾಸಸಮುದ್ರವೆಂಬ ಕೆರೆಯನ್ನೇ ಕಟ್ಟಿಸಿದ ಮಹನೀಯರು.

ಆದುದರಿಂದ ಈ ಬಾರಿ ಪರ್ಜನ್ಯಜಪದ ಸಂಕಲ್ಪಕ್ಕೆ ಮೊದಲು ಮನೆಗೊಬ್ಬರಂತೆ ಗುದ್ದಲಿ, ಬುಟ್ಟಿಗಳೊಡನೆ ತಮ್ಮ ತಮ್ಮ ಊರಿನ ಹಳೆಯ ಬಾವಿಯ ಬಳಿ ಸೇರಬೇಕೆಂದು ಪ್ರಾರ್ಥನೆ. ಜಪ ಮುಗಿದ ಬಳಿಕ ಕಲಶೋದಕವನ್ನು ಹೂಳು ತೆಗೆದ ಆ ಬಾವಿಗೇ ಸಮರ್ಪಿಸೋಣ.

ಶ್ರೀಕೃಷ್ಣಾರ್ಪಣಮಸ್ತು