ಅನ್ನದ ಋಣವೂ ಸಾಕ್ಷಿಧರ್ಮವೂ

ಹರಿಹರದಲ್ಲಿ ತುಂಗಭದ್ರೆಯ ದಡದ ಮೇಲೆ 1224ರ ಸುಮಾರಿಗೆ ಹರಿಹರೇಶ್ವರನ ದೇಗುಲವನ್ನು ಕಟ್ಟಿಸಿದ ಪೋಲಾಳ್ವನು ಹೊಯ್ಸಳರ ದಂಡನಾಯಕ. ಕೊಲ್ಲುವುದೂ ಕಾಯುವುದೂ ಎರಡೂ ತನ್ನ ವೃತ್ತಿಯೇ ಆಗಿದ್ದ ಆತನು, ಬಲದಲ್ಲಿ ಶಿವನೂ ಎಡದಲ್ಲಿ ವಿಷ್ಣುವೂ ಆಗಿ ನಿಂತ ಒಂದೇ ಮೂರ್ತಿಗೆ ಗುಡಿಯನ್ನೆತ್ತಿಸಿದುದು ಅರ್ಥಗರ್ಭಿತವಾಗಿದೆ. ಆದರೆ ಕೊಲ್ಲದೆ, ಕಾಯದೆ, ರಣವನ್ನು ಕೇವಲ ನೋಡಿ ದಾಖಲಿಸುವವನ ಧರ್ಮ ಯಾವುದು?

ದಾವಣಗೆರೆಯ ಸೀಮೆಯಲ್ಲಿ ಈ ಕಾರ್ಯವನ್ನು ಹಿಂದೆ ಶಿಲ್ಪಿಯು ವೀರಗಲ್ಲಿನಲ್ಲಿ ಮಾಡುತ್ತಿದ್ದನು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದವನನ್ನು ಕೊಂಡೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಸನ್ನಿಧಿ. ಮುಂದೆ ಈ ಕಾರ್ಯಕ್ಕೆ ಬಂದ ಛಾಯಾಚಿತ್ರಕ್ಕಾದರೋ ಕೆಳಗಿನ ಪಟ್ಟಿಕೆಯೊಂದೇ ಗತಿ. ಅದನ್ನಾದರೂ ನಿಜವಾಗಿ ತೋರಿತೆ ಎಂದರೆ, 1915ರಲ್ಲಿ ಫ್ರಾನ್ಸಿನಲ್ಲಿ ಭಾರತೀಯ ಪಡೆಗಳನ್ನು ಚಿತ್ರಿಸಿದ ಗರ್ಡ್‌ವುಡ್ ಎಂಬ ಛಾಯಾಗ್ರಾಹಕನ ಆಕ್ರಮಣದೃಶ್ಯಗಳಲ್ಲಿ ಕೆಲವು ಅಭಿನಯಿಸಿ ತೆಗೆದವು. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಬ್ರಿಟಿಷ್ ಸೇನೆಯು ಚಲನಚಿತ್ರ ಮತ್ತು ಛಾಯಾಚಿತ್ರಗಳಿಗೆಂದೇ ಒಂದು ದಳವನ್ನು ರಚಿಸಿ, ಸೈನಿಕರಿಗೇ ಕ್ಯಾಮೆರಾ ವಿದ್ಯೆಯನ್ನು ಕಲಿಸಿ ರಣರಂಗಕ್ಕೆ ಕಳುಹಿಸಿತು. ನಮ್ಮ ಬೆಳಗಾವಿಯನ್ನೇ ಕೇಂದ್ರವಾಗಿ ಉಳ್ಳ ಮರಾಠಾ ರೆಜಿಮೆಂಟಿನ ಯೋಧರು ಇಟಲಿಯ ನದಿಗಳನ್ನೂ ಬೆಟ್ಟಗಳನ್ನೂ ದಾಟಿ ಹೋರಾಡಿದ ದಂಡಯಾತ್ರೆಯಲ್ಲಿ ಈ ದಳವೂ ಇದ್ದಿತು. ಪ್ರಾಣಭಯಕ್ಕೆ ಅಂಜದೆ ತೆಗೆದ ಚಿತ್ರವೂ ಮೊದಲು ಸೇರುತ್ತಿದ್ದುದು ಸೆನ್ಸಾರ್ ಅಧಿಕಾರಿಯ ಮೇಜನ್ನು. ಸ್ವಪಕ್ಷದ ಶವಗಳು ಜನರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಿದ್ದುದೂ ಉಂಟು.

ವೇದಾಂತವು ಹೇಳುವ ಸಾಕ್ಷಿಯು ಅಸಂಗನು. ಸೇನೆಯ ಸಂಬಳವನ್ನುಂಡು ಸಮವಸ್ತ್ರವನ್ನು ತೊಟ್ಟವನಿಗೆ ಆ ಪದವಿಯೆಲ್ಲಿಯದು ಎಂದು ಕೇಳಬಹುದು. ಆದರೆ ಮಹಾಭಾರತದಲ್ಲಿ ಯುದ್ಧವನ್ನು ಕಂಡು ಕುರುಡ ಅರಸನಿಗೆ ಹೇಳಿದ ಸಂಜಯನೂ ಅಸಂಗನಾಗಿರಲಿಲ್ಲ. ಅವನು ಧೃತರಾಷ್ಟ್ರನ ಅನ್ನವನ್ನುಂಡವನು. ರಣದಲ್ಲಿ ಸಾತ್ಯಕಿಯ ಕೈಗೆ ಸೆರೆಸಿಕ್ಕು, ವ್ಯಾಸರು ಅಡ್ಡಬಂದುದರಿಂದ ಬದುಕಿ ಉಳಿದವನು. ಅಂತಹವನು, ಮಕ್ಕಳ ಮರಣವಾರ್ತೆಯನ್ನು ಒಂದೊಂದಾಗಿ ತಂದೆಗೆ ತಿಳಿಸುವಾಗ, ಈ ಅನರ್ಥಕ್ಕೆ ನಿನ್ನ ಮೋಹವೇ ಕಾರಣವೆಂದು ಅರಸನ ಮುಖಕ್ಕೇ ಹೇಳಲು ಹಿಂಜರಿಯಲಿಲ್ಲ.

ಆದುದರಿಂದ ಸಾಕ್ಷಿಯ ಪರೀಕ್ಷೆ ನಡೆಯುವುದು ಅವನು ಯಾರ ಪಕ್ಷದಲ್ಲಿ ನಿಂತನೆಂಬುದರಲ್ಲಿ ಅಲ್ಲ, ಆ ಪಕ್ಷಕ್ಕೆ ಅಪ್ರಿಯವಾದುದನ್ನು ಅದರ ಮುಂದೆಯೇ ಇಡಬಲ್ಲನೆ ಎಂಬುದರಲ್ಲಿ. ವೀರಗಲ್ಲು ಸ್ವರ್ಗವನ್ನು ಕೊಟ್ಟುದು ನಮ್ಮವನಿಗೆ ಮಾತ್ರ. ಸ್ವರ್ಗವನ್ನು ಕಾಣಲಾರದ ಕ್ಯಾಮೆರಾ ನಮ್ಮವನನ್ನೂ ಹಗೆಯನ್ನೂ ಒಂದೇ ಕೆಸರಿನಲ್ಲಿ ಮಲಗಿಸಿ ತೋರಬಲ್ಲುದು. ಹಾಗೆ ತೋರಿದ ಚಿತ್ರವನ್ನು ಬಚ್ಚಿಡುವ ಅಧಿಕಾರಿಯಾಗಲಿ, ಎದುರಿಗಿದ್ದರೂ ನೋಡಲೊಲ್ಲದ ಪ್ರಜೆಯಾಗಲಿ ಧೃತರಾಷ್ಟ್ರನ ಪಾಲಿಗೇ ಸೇರುತ್ತಾರೆ. ಆ ಲೋಪಕ್ಕೆ ಚಿತ್ರ ತೆಗೆದವನು ಹೊಣೆಯಲ್ಲ.